ಅಮ್ಮಾಜಮ್ಮನ ಉಗ್ರಾಣದ ಬೀಗ

ಮೇಲೂರಿನಲ್ಲಿ ನಮ್ಮಮ್ಮ ಅಮ್ಮಾಜಮ್ಮನ ಮಾತು ಬಂದರೆ ಜನ ಎರಡು ವಿಷಯ ಹೇಳುತ್ತಾರೆ. ಒಂದು, ಅವಳ ಹಾಗೆ ಉಗ್ರಾಣ ತುಂಬಿಸುವ ಹೆಂಗಸು ಆ ಸುತ್ತಿನಲ್ಲೇ ಇರಲಿಲ್ಲ. ಇನ್ನೊಂದು, ಮನೆಯಲ್ಲಿ ಸಿಡುಬಿನ ಅಮ್ಮ ಬಂದು ಕೂತಿದ್ದಾಗ ಕೊಡಲಿ ಎತ್ತಿ ಬೀಗ ಒಡೆದಳು, ಅದಕ್ಕೇ ಮಗನನ್ನು ಕಳೆದುಕೊಂಡಳು. ಮೊದಲನೆಯದು ನಿಜ. ಎರಡನೆಯದು ತಲೆಕೆಳಗು. ಆಗ ಆ ಮನೆಯೊಳಗೆ ಇದ್ದವರು ಅಮ್ಮ, ನನ್ನ ತಮ್ಮ ಚನ್ನಕೇಶವ, ಮತ್ತು ನಾನು. ಅವರಿಬ್ಬರೂ ಈಗಿಲ್ಲ. ಹಾಗಾಗಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ, ಕೇಳುವವರಿಗೆ ಹಿಡಿಸಲಿ, ಬಿಡಲಿ.

ಅಮ್ಮ ಸಾದಲಿಯವಳು. ಹದಿನಾಲ್ಕು ತುಂಬುವ ಮೊದಲೇ ಮೇಲೂರಿಗೆ ಸೊಸೆಯಾಗಿ ಬಂದಳು. ಹೊಲ, ಮಾವಿನ ತೋಟ, ಹಿಪ್ಪುನೇರಳೆ ಎಲ್ಲ ಇದ್ದ ನಮ್ಮ ಮನೆಯನ್ನು ಊರವರು ದೊಡ್ಡಮನೆ ಅನ್ನುತ್ತಿದ್ದರು. ನಡುಮನೆಯ ಪಕ್ಕದಲ್ಲಿ ಕಿಟಕಿಯಿಲ್ಲದ ಒಂದು ಕೋಣೆ, ಅದೇ ಉಗ್ರಾಣ. ಆಳೆತ್ತರದ ಮಣ್ಣಿನ ವಾಡೆಗಳಲ್ಲಿ ರಾಗಿ. ಬೂದಿ ಬೆರೆಸಿದ ಅವರೆ. ಹರಳೆಣ್ಣೆ ಸವರಿ ಒಣಗಿಸಿದ ತೊಗರಿಬೇಳೆ. ಉಪ್ಪು ಹಾಕಿ ಗುದ್ದಿಟ್ಟ ಹುಣಸೆಹಣ್ಣು, ಬೇವಿನ ಸೊಪ್ಪಿನ ನಡುವೆ ಹುರುಳಿ, ಬಟ್ಟೆ ಕಟ್ಟಿದ ಮಡಕೆಗಳಲ್ಲಿ ಸಂಡಿಗೆ, ಬಾಳಕದ ಮೆಣಸಿನಕಾಯಿ, ಅಚ್ಚುಬೆಲ್ಲ. ಅದನ್ನೆಲ್ಲ ಬಿಸಿಲಿಗೆ ಹಾಕಿದ ಬೆನ್ನು, ಕೇರಿದ ಕೈ ನಮ್ಮಮ್ಮನದು. ಮಳೆಗಾಲದ ನಡುವೆ ವಾಡೆಯೊಳಗೆ ಮೊಣಕೈವರೆಗೆ ಕೈ ಇಳಿಸಿ, ಕಣ್ಣು ಮುಚ್ಚಿಕೊಂಡು, "ಹುಳ ಬಿದ್ದಿಲ್ಲ" ಅನ್ನುತ್ತಿದ್ದಳು. ಬಿದ್ದಿರುತ್ತಿರಲಿಲ್ಲ.

ಆದರೆ ಬೀಗದ ಕೈ ಇದ್ದದ್ದು ಅಜ್ಜಿ ಲಕ್ಷ್ಮೀನರಸಮ್ಮನ ಸೊಂಟದಲ್ಲಿ. ಬೆಳಿಗ್ಗೆ ಸ್ನಾನ ಮುಗಿಸಿ ಬಂದು ಬೀಗ ತೆಗೆಯುವಳು, ಪಾವಿನಲ್ಲಿ ಅಳೆದು ಮೊರಕ್ಕೆ ಸುರಿಯುವಳು, ಮತ್ತೆ ಬೀಗ ಜಡಿಯುವಳು. ಅಮ್ಮ ಹೊಸಲಿನ ಈಚೆ ಮೊರ ಹಿಡಿದು ನಿಂತಿರುತ್ತಿದ್ದಳು. ತುಂಬಿಸುವಾಗ ಮಾತ್ರ ಒಳಗೆ, ತೆಗೆಯುವಾಗ ಹೊರಗೆ. ಇದು ಯಾರಿಗೂ ವಿಚಿತ್ರ ಅನ್ನಿಸುತ್ತಿರಲಿಲ್ಲ, ಅಮ್ಮನಿಗೂ ಕೂಡ. ನನಗೆ ಈಗ ನೆನೆದರೆ ಮೈ ಉರಿಯುತ್ತದೆ.

ಬೇಸಿಗೆ ಅಂದರೆ ನಮ್ಮ ಕಡೆ ಸಿಡುಬಿನ ಕಾಲ. ಸಿಡುಬು ಅಂತ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಮ್ಮ ಬಂದಿದ್ದಾಳೆ ಅನ್ನುತ್ತಿದ್ದರು. ಬಂದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರೆ, ಗಾಯ ಒಣಗಿ ಮಗುವಿಗೆ ನೀರು ಹಾಕುವ ತನಕ ಆ ಮನೆಯಿಂದ ಯಾರೂ ಹೊರಗೆ ಹೋಗುವ ಹಾಗಿಲ್ಲ. ಮನೆಯ ಒಂದು ಕಡ್ಡಿಯೂ ಆಚೆ ಹೋಗುವ ಹಾಗಿಲ್ಲ. ಒಳಗೆ ಒಗ್ಗರಣೆ ಕೂಡದು, ಹುರಿಯುವುದು ಕೂಡದು, ಬೀಸುವುದು ಕುಟ್ಟುವುದು ಕೂಡದು, ಕಬ್ಬಿಣಕ್ಕೆ ಕಬ್ಬಿಣ ತಾಗಿಸಿ ಸದ್ದು ಮಾಡಲೇಬಾರದು. ಮಾಡಿದರೆ ತಾಯಿ ಮುನಿಯುತ್ತಾಳೆ, ಮಗುವನ್ನು ಜೊತೆಗೇ ಕರೆದುಕೊಂಡು ಹೋಗುತ್ತಾಳೆ. ನಮ್ಮಮ್ಮ ತವರಿನಲ್ಲಿ ಇದನ್ನೆಲ್ಲ ಕಂಡಿದ್ದಳು. ಅದಕ್ಕೇ ಪ್ರತಿ ವರ್ಷ ಯುಗಾದಿಗೆ ಮುಂಚೆ ಎರಡು ಮಡಕೆ ರಾಗಿಹಿಟ್ಟು ಬೀಸಿಡುತ್ತಿದ್ದಳು, ಒಂದು ಮಡಕೆ ಹುರಿಟ್ಟು ಮಾಡಿಡುತ್ತಿದ್ದಳು. ಹುರಿಟ್ಟು ಅಂದರೆ ನೆನೆಸಿದ ರಾಗಿಯನ್ನು ಬಿಸಿ ಮರಳಿನಲ್ಲಿ ಅರಳು ಹುರಿದು ಬೀಸಿದ ಹಿಟ್ಟು. ಒಲೆ ಹೊತ್ತಿಸಬೇಕಾಗಿಲ್ಲ, ಮಜ್ಜಿಗೆಗೋ ಬೆಲ್ಲದ ನೀರಿಗೋ ಕಲಸಿದರೆ ಎಳೆ ಮಗುವೂ ಅರಗಿಸಿಕೊಳ್ಳುತ್ತದೆ. "ಅಮ್ಮ ಬರದೇ ಇದ್ರೆ ಮಕ್ಕಳು ತಿಂತಾರೆ, ಬಂದ್ರೂ ಮಕ್ಕಳೇ ತಿಂತಾರೆ" ಅನ್ನುತ್ತಿದ್ದಳು.

ಕನ್ನಡ ನಾಡು ಒಂದಾದ ಎರಡನೇ ವರ್ಷದ ಬೇಸಿಗೆ. ಸಿಡುಬಿಗೆ ದಾಕು ಹಾಕುವವರು ಊರಿಗೆ ಬಂದರು. ನನಗೆ ಸ್ಕೂಲಿನಲ್ಲಿ ಹಿಡಿದು ತೋಳಿಗೆ ಚುಚ್ಚಿದರು, ನಾನು ಅತ್ತುಬಿಟ್ಟೆ. ಮೂರು ವರ್ಷದ ಕೇಶವನನ್ನು ಅಜ್ಜಿ ಉಗ್ರಾಣಕ್ಕೆ ಎತ್ತಿಕೊಂಡು ಹೋಗಿ ವಾಡೆಯ ಹಿಂದೆ ಬಚ್ಚಿಟ್ಟಳು. ಅವನು ಸದ್ದು ಮಾಡದಿರಲಿ ಅಂತ ಬಾಯಿಗೆ ಒಂದು ಹಿಡಿ ಹುರಿಟ್ಟು, ಬೆಲ್ಲದ ಚೂರು. ಅವನ ಮೇಲೆ ಅವಳಿಗೆ ಪ್ರಾಣ. ಇದನ್ನು ಬರೆಯದೆ ಬಿಟ್ಟರೆ ನನ್ನ ಮಾತು ಸುಳ್ಳಾಗುತ್ತದೆ. ಅವತ್ತಿನಿಂದ ಕೇಶವ ಆ ಬಾಗಿಲನ್ನು ಕಂಡಾಗಲೆಲ್ಲ "ಹುರಿಟ್ಟು" ಅನ್ನುತ್ತಿದ್ದ.

ಮೇಲೂರಿನ ಮನೆಗಳಲ್ಲಿ ರೇಷ್ಮೆಹುಳ ಸಾಕುವಾಗ ಮನೆ ಹುಳದ್ದೇ. ನಡುಮನೆ ತುಂಬ ತಟ್ಟೆಗಳು, ನಾವು ಮಲಗುವುದು ಜಗಲಿಯಲ್ಲಿ. ಹುಳಕ್ಕೆ ಹೊತ್ತುಹೊತ್ತಿಗೆ ಸೊಪ್ಪು ಬೀಳಬೇಕು, ನಮ್ಮ ಊಟ ಆದಾಗ ಆಯಿತು. ಆ ಸಲ ಹುಳ ನಾಲ್ಕನೇ ಜ್ವರದಿಂದ ಎದ್ದಿದ್ದವು. ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಹೊಟ್ಟೆ ಬಿರಿಯ ತಿಂದು, ಇನ್ನೇನು ಗೂಡು ಕಟ್ಟಬೇಕು ಅನ್ನುವ ಹೊತ್ತು. ಆಗಲೇ ಕೇಶವನ ಮೈ ಕಾದಿತು. ಮೂರನೇ ದಿನ ಹಣೆಯ ಮೇಲೆ, ಅಂಗೈಯಲ್ಲಿ ಗುಳ್ಳೆ ಎದ್ದವು.

ಅಜ್ಜಿ ನೋಡಿದಳು, ಕೈಮುಗಿದಳು, ಕಣ್ಣೊರೆಸಿಕೊಂಡಳು. ಆಮೇಲೆ ಮನೆಯವರನ್ನೆಲ್ಲ ಅಂಗಳಕ್ಕೆ ಕರೆದಳು. "ಅಮ್ಮ ಬಂದಿರೋ ಮನೇಲಿ ಹುಳ ನಿಲ್ಲಲ್ಲ. ಬಾಗಿಲಿಗೆ ಬೇವು ಸಿಕ್ಕಿಸೋ ಮುಂಚೆ ತಟ್ಟೆ ಎಲ್ಲಾ ತೋಟದ ಮನೆಗೆ ಹೊರ್ರಿ. ಅಮ್ಮಾಜಿ ಮಕ್ಕಳನ್ನ ನೋಡ್ಕೊಂಡು ಇಲ್ಲಿರ್ಲಿ."

ಹೊರಡುವ ಗಡಿಬಿಡಿ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ದೊಡ್ಡಪ್ಪ ವೆಂಕಟರವಣಪ್ಪ, ದೊಡ್ಡಮ್ಮ, ನಮ್ಮಪ್ಪ ಆವಲಪ್ಪ, ಎಲ್ಲರ ತಲೆಯ ಮೇಲೂ ತಟ್ಟೆ. ಬಿಸಿಲು ತಾಗದಿರಲಿ ಅಂತ ಮೇಲೆ ಒದ್ದೆ ಬಟ್ಟೆ. "ನಿಧಾನ, ಅಲುಗಾಡಿಸಬೇಡ್ರೋ" ಅಂತ ಅಜ್ಜಿ ಹಿಂದೆಯೇ ಕೂಗುತ್ತಾ ಓಡಾಡಿದಳು. ಹುಳಗಳನ್ನು ಬಾಣಂತಿಯನ್ನು ಕರೆದುಕೊಂಡು ಹೋಗುವ ಹಾಗೆ ಕರೆದುಕೊಂಡು ಹೋದರು. ಒಳಗೆ ಬೇವಿನ ಸೊಪ್ಪಿನ ಮೇಲೆ ಮಲಗಿದ್ದ ಕೇಶವ, "ಅಪ್ಪಾ" ಅಂದ. ಅಪ್ಪ ತಟ್ಟೆ ಹೊತ್ತಿದ್ದ, ತಿರುಗಲು ಆಗಲಿಲ್ಲ. ಅಪ್ಪ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬಯ್ಯುವುದಾದರೂ ಸುಲಭವಾಗುತ್ತಿತ್ತು.

ಕೊನೆಗೆ ಅಜ್ಜಿ ಒಂದು ಮೊರ ರಾಗಿಹಿಟ್ಟು, ಒಂದಿಷ್ಟು ಉಪ್ಪು ತೆಗೆದು ಅಡುಗೆಮನೆಯಲ್ಲಿಟ್ಟು ಉಗ್ರಾಣಕ್ಕೆ ಬೀಗ ಹಾಕಿದಳು.

"ಅತ್ತೇ, ಹುರಿಟ್ಟಿನ ಮಡಕೆ ಈಚೆಗಿಟ್ಟು ಹೋಗಿ" ಅಂದಳು ಅಮ್ಮ.

"ಅಮ್ಮನ್ನ ಮುಟ್ಟಿದ ಕೈ ಉಗ್ರಾಣದ ಮಡಕೆಗೆ ಹಾಕ್ಬಾರ್ದು ಕಣೇ, ವರ್ಷದ ಕಾಳು ಅದು. ತೋಟಕ್ಕೂ ಹಿಟ್ಟು ಹೊರಿಸ್ತಿದ್ದೀನಿ, ಬೇಕಾದಾಗ ಆವಲಪ್ಪನ ಕೈಲಿ ಕಳಿಸ್ತೀನಿ." ಬೀಗದ ಕೈ ಸೊಂಟಕ್ಕೆ ಹೋಯಿತು. ಅಜ್ಜಿ ತೋಟಕ್ಕೆ ಹೋದಳು.

ಅಪ್ಪ ಎರಡು ಸಲ ಬಂದ. ಬೀದಿಯಲ್ಲಿ ನಿಂತು, ಜಗಲಿಯ ಮೇಲೆ ಹಿಟ್ಟಿನ ಗಂಟಿಟ್ಟು, ಮಗ ಹೇಗಿದ್ದಾನೆ ಅಂತ ಕೇಳಿ ಹೋದ. ಆಮೇಲೆ ಹುಳ ಗೂಡು ಕಟ್ಟಲು ಚಂದ್ರಿಕೆಯ ಬಿದಿರು ತಟ್ಟೆಗೆ ಏರುವ ಹೊತ್ತು ಬಂತು. ಒಬ್ಬನೇ ಮನುಷ್ಯ ಅಮ್ಮ ಬಂದ ಮನೆಗೂ ಹುಳದ ಮನೆಗೂ ಓಡಾಡಿದರೆ ಹುಳ ಗೂಡು ಕಟ್ಟದೆ ಕರಗಿ ಸಾಯುತ್ತವೆ ಅಂತ ಅಜ್ಜಿ ಅವನ ದಾರಿ ಕಟ್ಟಿದಳು. ಅಪ್ಪನ ಬರವು ನಿಂತಿತು.

ಉಗ್ರಾಣ ತುಂಬ ಕಾಳಿಟ್ಟುಕೊಂಡು ನಾವು ಉಪವಾಸಕ್ಕೆ ಶುರು ಮಾಡಿದೆವು. ಅಮ್ಮ ಹಿಟ್ಟನ್ನು ಅಂಬಲಿ ಕಾಸಿದಳು. ಅಂಬಲಿ ದಿನದಿನಕ್ಕೆ ತೆಳ್ಳಗಾಗುತ್ತಾ ಬಂತು, ಕಡೆಗೆ ಬಟ್ಟಲಿನ ತಳ ಕಾಣತೊಡಗಿತು. ಹಿತ್ತಲಿನ ನುಗ್ಗೆಸೊಪ್ಪು ಮುಗಿಯಿತು. ಹುಳಕ್ಕೆ ಅಂತ ತಂದು ಬಿಟ್ಟು ಹೋಗಿದ್ದ ಹಿಪ್ಪುನೇರಳೆ ಸೊಪ್ಪಿನ ರಾಶಿಯಲ್ಲಿ ಎಳೆಯದನ್ನು ಆರಿಸಿ, ಉಪ್ಪು ಹಾಕಿ ಬೇಯಿಸಿ ನನಗೆ ಕೊಟ್ಟಳು. ಹುಳ ತಿಂದು ರೇಷ್ಮೆ ಮಾಡುತ್ತವೆ, ನನಗೆ ಹೊಟ್ಟೆ ನುಲಿಯಿತು. ಅಮ್ಮ ಏನು ತಿಂದಳೋ ನಾನು ನೋಡಲಿಲ್ಲ. "ನಾನು ಆಗ್ಲೇ ಉಂಡೆ" ಅನ್ನುತ್ತಿದ್ದಳು.

ಎದುರು ಮನೆ ಕದಿರಮ್ಮ ಒಳ್ಳೆಯ ಹೆಂಗಸು. ತಾಯಿಗೆ ತಂಪು ಅಂತ ದಿನಾ ಒಂದು ಚೆಂಬು ನೀರುಮಜ್ಜಿಗೆ ತಂದು ಜಗಲಿಯ ತುದಿಯಲ್ಲಿಟ್ಟು, ದೂರ ನಿಂತು ಕೂಗುತ್ತಿದ್ದಳು. "ಅಮ್ಮಾಜಮ್ಮಾ, ಮಜ್ಜಿಗೆ ಇಟ್ಟಿದ್ದೀನಿ ಕಣಮ್ಮ. ಇನ್ನೇನಾದ್ರೂ ಬೇಕಾ? ನಿಮ್ಗೇನು ಬಿಡಮ್ಮ, ಉಗ್ರಾಣ ಐತೆ."

"ಹೂಂ ಕಣಕ್ಕ, ಐತೆ" ಅನ್ನುತ್ತಿದ್ದಳು ಅಮ್ಮ.

ನಾನು ಸೀರೆ ಹಿಡಿದು ಎಳೆದೆ. ಹೇಳಮ್ಮ, ಅಂದೆ. ಮನೆಯ ಮಾತು ಬೀದಿಗೆ ಹಾಕಬಾರದು ಅಂತ ಬಾಯಿಗೆ ಬೆರಳಿಟ್ಟಳು. ದೊಡ್ಡಮನೆಯ ಸೊಸೆ ಹಿಟ್ಟಿಗೆ ಕೈಚಾಚಿದಳು ಅಂತ ಊರು ಮಾತಾಡಬಾರದಂತೆ. ಆ ಮಾನ ಯಾರದ್ದು, ಅದನ್ನು ಉಳಿಸಲು ಹಸಿದದ್ದು ಯಾರು? ಇವತ್ತಿಗೂ ನನಗೆ ಅರ್ಥವಾಗಿಲ್ಲ. ಊರಿನ ಬಡವರ ಮನೆಗೆ ಅಮ್ಮ ಬಂದಿದ್ದರೆ ಯಾರಾದರೂ ಮುದ್ದೆ ತಂದಿಡುತ್ತಿದ್ದರು. ನಮ್ಮ ಮನೆಗೆ ಯಾರೂ ತರಲಿಲ್ಲ, ಏಕೆಂದರೆ ನಮ್ಮಮ್ಮ ತುಂಬಿಸಿದ ಉಗ್ರಾಣ ಊರಿಗೆಲ್ಲ ಗೊತ್ತಿತ್ತು.

ಹಿಟ್ಟು ಪೂರ್ತಿ ಮುಗಿದ ದಿನ ನಾನು ಅಮ್ಮನಿಗೆ ಹೇಳದೆ ಹಿತ್ತಲಿನಿಂದ ತೋಟದ ದಾರಿ ಹಿಡಿದೆ. ಬೇಲಿಯ ಹತ್ತಿರ ದೊಡ್ಡಪ್ಪ ನೋಡಿದ. ಮಣ್ಣಿನ ಹೆಂಟೆ ಎತ್ತಿ ನನ್ನ ಕಾಲ ಬಳಿಗೆ ಎಸೆದ, ನಾಯಿಯನ್ನು ಓಡಿಸುವವನ ಹಾಗೆ.

"ಅಲ್ಲೇ ನಿಲ್ಲು! ಹುಳ ಚಂದ್ರಿಕೆ ಮೇಲವೆ, ಒಂದು ಹೆಜ್ಜೆ ಮುಂದೆ ಇಡಬೇಡ!"

"ಹಿಟ್ಟು ಆಗೋಯ್ತು ದೊಡ್ಡಪ್ಪ! ಕೇಶವ ಹುರಿಟ್ಟು ಕೇಳ್ತಾನೆ! ಬೀಗದ ಕೈ ಬೇಕಂತೆ!"

ಬೀಗದ ಕೈ ಬೇಕಂತೆ ಅಂದದ್ದು ನನ್ನ ಸ್ವಂತ ಮಾತು. ದೊಡ್ಡಪ್ಪ ಒಳಗೆ ಹೋಗಿ ಬಂದ. ಕೈಯಲ್ಲಿ ಒಂದು ಗಂಟಿತ್ತು, ಬೀಗದ ಕೈ ಇರಲಿಲ್ಲ. ಗಂಟನ್ನು ಬೇಲಿಯ ಈಚೆಗೆ ಎಸೆದು, "ಅಜ್ಜಿ ಕೊಟ್ಟವ್ಳೆ. ಇನ್ನೇನು ಗೂಡು ಬಿಡಿಸ್ತೀವಿ, ಆಮೇಲೆ ಬರ್ತೀವಿ ಅನ್ನು. ಹೋಗು" ಅಂದ.

ಮನೆಗೆ ತಂದು ಬಿಚ್ಚಿದೆವು. ಇಡೀ ರಾಗಿ. ಬೀಸದ ರಾಗಿ.

ಅಮ್ಮ ಅದನ್ನು ನೋಡುತ್ತಾ ಕೂತಳು. ಬೀಸುವ ಕಲ್ಲು ಮೂಲೆಯಲ್ಲೇ ಇತ್ತು. ಬೀಸಬಾರದು ಅಂತ ಅವಳಿಗೆ ಹೊಸದಾಗಿ ಮದುವೆಯಾಗಿ ಬಂದಾಗ ಒತ್ತಿ ಹೇಳಿದವಳು ಅಜ್ಜಿಯೇ. ಮರೆತಳೋ, ತೋಟದಲ್ಲಿ ಕೈಗೆ ಸಿಕ್ಕಿದ್ದನ್ನು ಕೊಟ್ಟಳೋ, ನಾನು ಕೇಳುವ ವಯಸ್ಸಿಗೆ ಬಂದಾಗ ಅವಳು ಹೇಳುವ ಸ್ಥಿತಿಯಲ್ಲಿರಲಿಲ್ಲ. ಕದಿರಮ್ಮನಿಗೆ ಬೀಸಲು ಕೊಡೋಣವೆಂದರೆ ಹೊಸಲು ದಾಟಿ ಒಳಗೆ ಬಂದ ಕಾಳು ಮತ್ತೆ ಆಚೆ ಹೋಗುವ ಹಾಗಿಲ್ಲ.

ಅಮ್ಮ ರಾಗಿಯನ್ನು ಹಾಗೇ ನೆನೆಸಿ, ಹಾಗೇ ಬೇಯಿಸಿದಳು. ಕೈಯಲ್ಲಿ ಹಿಸುಕಿ ಹಿಸುಕಿ ಕೇಶವನಿಗೆ ಉಣಿಸಿದಳು. ಅಷ್ಟು ಹೊತ್ತಿಗೆ ಅವನ ಗುಳ್ಳೆಗಳು ಬಾಡಿ ಹೆಕ್ಕಳೆ ಕಟ್ಟುತ್ತಿದ್ದವು. ಜ್ವರ ಇಳಿದಿತ್ತು, ಕಣ್ಣು ಉಳಿದಿದ್ದವು. ಸಿಡುಬಿನ ತಾಯಿ ಅವನನ್ನು ಬಿಟ್ಟುಕೊಟ್ಟಿದ್ದಳು. ಇದನ್ನು ಊರವರು ಕಿವಿಗೊಟ್ಟು ಕೇಳಬೇಕು: ಸಿಡುಬಿನಿಂದ ನನ್ನ ತಮ್ಮ ಗೆದ್ದಿದ್ದ. ಇಡೀ ರಾಗಿ ಆ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಭೇದಿ ಶುರುವಾಯಿತು. ತಿಂದದ್ದು ತಿಂದ ಹಾಗೇ ಬರುತ್ತಿತ್ತು.

ಅವನು ತೆವಳಿಕೊಂಡು ಹೋಗಿ ಉಗ್ರಾಣದ ಬಾಗಿಲಿಗೆ ಕೆನ್ನೆ ಒತ್ತಿ ಮಲಗುತ್ತಿದ್ದ. ಬಾಗಿಲ ಸಂದಿನಿಂದ ಬೆಲ್ಲದ ವಾಸನೆ ಬರುತ್ತಿತ್ತು. "ಅಕ್ಕಯ್ಯಾ, ಹುರಿಟ್ಟು" ಅನ್ನುತ್ತಿದ್ದ. ಅಳಲು ಶಕ್ತಿಯಿರಲಿಲ್ಲ.

ಒಂದು ಮಧ್ಯಾಹ್ನ ಅಮ್ಮ ಹಿತ್ತಲಿನಿಂದ ಕೊಡಲಿ ತಂದಳು. ಕೇಶವನನ್ನು ಎತ್ತಿ ಪಕ್ಕದಲ್ಲಿ ಮಲಗಿಸಿ, ಬೀಗದ ಮುಂದೆ ನಿಂತು ಕೊಡಲಿ ಎತ್ತಿದಳು. ಎತ್ತಿದ ಕೈ ಎತ್ತಿದ ಹಾಗೇ ನಿಂತಿತು. ಆಮೇಲೆ ಮೆಲ್ಲಗೆ, ಸದ್ದಾಗದ ಹಾಗೆ, ಕೊಡಲಿಯನ್ನು ಗೋಡೆಗೆ ಒರಗಿಸಿದಳು.

"ಒಡಿಯಮ್ಮ" ಅಂದೆ.

"ಇನ್ನೂ ನೀರು ಹಾಕಿಲ್ಲ ಕಣೇ. ತಾಯಿ ಮನೇಲೇ ಅವಳೆ. ನಾನು ಕಬ್ಬಿಣ ಎತ್ತಿ ಇವನಿಗೇನಾದ್ರೂ ಆದ್ರೆ?" ಬೀಗವನ್ನು ಸೆರಗಿನಿಂದ ಒರೆಸಿದಳು, ದೇವರಿಗೆ ತಪ್ಪಾಯಿತು ಅನ್ನುವ ಹಾಗೆ. ಮಗ ಉಳಿಯಲಿ ಅಂತಲೇ ಅವಳು ಬೀಗ ಒಡೆಯಲಿಲ್ಲ.

ಮಾರನೆಯ ಬೆಳಿಗ್ಗೆ ಕೇಶವ ಹೋದ. ಅಮ್ಮನ ತೊಡೆಯ ಮೇಲೆ, ಉಗ್ರಾಣದ ಬಾಗಿಲ ಬಳಿಯಲ್ಲೇ. ನಾನು ನಿದ್ದೆ ಅಂದುಕೊಂಡಿದ್ದೆ.

ಅಮ್ಮ ಅಳಲಿಲ್ಲ. ಅವನನ್ನು ಬೇವಿನ ಸೊಪ್ಪಿನ ಮೇಲೆ ಮಲಗಿಸಿ, ಕಣ್ಣು ಮುಚ್ಚಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಕೊಡಲಿ ತೆಗೆದುಕೊಂಡು ಬೀಗಕ್ಕೆ ಹೊಡೆದಳು. ಮತ್ತೆ ಹೊಡೆದಳು. ಊರೆಲ್ಲ ಕೇಳುವ ಹಾಗೆ ಹೊಡೆದಳು. ಬೀಗ ಕಿತ್ತು ಬಿತ್ತು. ಒಳಗೆ ಹೋಗಿ ಹುರಿಟ್ಟಿನ ಮಡಕೆ ತಂದಳು, ಬೆಲ್ಲ ತಂದಳು, ಕದಿರಮ್ಮನ ಮಜ್ಜಿಗೆಯಲ್ಲಿ ಕಲಸಿ ತಟ್ಟೆ ತುಂಬ ನನ್ನ ಮುಂದಿಟ್ಟಳು.

"ತಿನ್ನು" ಅಂದಳು. "ನಾನು ಬಾಯಿಬಿಟ್ಟು ಅತ್ರೆ ಜನ ಬರ್ತಾರೆ. ಜನ ಬಂದ್ರೆ ಸೂತಕ. ಹೆಣ ಎತ್ತೋವರೆಗೂ ನಿನ್ನ ಬಾಯಿಗೆ ಒಂದು ಅಗುಳು ಹಾಕಕ್ಕೆ ಬಿಡಲ್ಲ. ಬೇಗ ತಿನ್ನಮ್ಮ."

ನಾನು ತಿಂದೆ. ಹಸಿವಾಗಿತ್ತು, ತಿಂದೆ. ಅವಳು ನನ್ನ ಎದುರಿಗೆ ಕೂತು ತುತ್ತು ತುತ್ತಿಗೂ ನೋಡಿದಳು. ಇನ್ನೆರಡು ತುತ್ತು ಉಳಿದಿರುವಾಗ ಅವಳ ಕೈಲಿ ತಡೆಯಲಾಗಲಿಲ್ಲ. ಅಂಥ ಕೂಗನ್ನು ನಾನು ಮತ್ತೆ ಕೇಳಿಲ್ಲ.

ಕದಿರಮ್ಮ ಓಡಿ ಬಂದಳು, ಬೀದಿ ಓಡಿ ಬಂತು, ತೋಟಕ್ಕೆ ಸುದ್ದಿ ಹೋಯಿತು. ಅಪ್ಪ ಬಂದವನೇ ಮಗನ ಕಾಲ ಬಳಿ ಕುಸಿದ. ಅಜ್ಜಿ ಬಂದಳು. ಅವಳ ಕಣ್ಣಿಗೆ ಮೊದಲು ಬಿದ್ದದ್ದು ಬಾಗಿಲು. ನೆಲದ ಮೇಲಿನ ಬೀಗ, ಕೊಡಲಿ, ಬಾಯಿ ತೆರೆದ ಮಡಕೆ, ಬಾಯಿ ತುಂಬ ಹುರಿಟ್ಟು ತುಂಬಿಕೊಂಡ ನಾನು. ಆಮೇಲೆ ಮೊಮ್ಮಗ.

"ಬೀಗ ಒಡೆದ್ಯೇನೇ ಪಾಪಿ! ಅಮ್ಮ ಇರೋ ಮನೇಲಿ ಕಬ್ಬಿಣ ಎತ್ತಿದ್ಯೇನೇ! ಅಯ್ಯೋ ತಲ್ಲೀ, ಅದಕ್ಕೇ ಮುನಿದ್ಯಾ, ನನ್ನ ಕೂಸನ್ನ ಎತ್ಕೊಂಡ್ಯಾ!" ಎದೆ ಬಡಿದುಕೊಂಡು ಉರುಳಾಡಿದಳು. ಅಳು ನಿಜವಾದದ್ದೇ.

ಕದಿರಮ್ಮ ಮೂಗಿನ ಮೇಲೆ ಬೆರಳಿಟ್ಟಳು. "ಹೌದು ಕಣಮ್ಮ, ಮೊದಲು ಕೊಡಲಿ ಸದ್ದು ಕೇಳಿಸ್ತು. ಸ್ವಲ್ಪ ಹೊತ್ತಾದ್ಮೇಲೆ ಅಳು ಕೇಳಿಸ್ತು." ಅವಳು ಸುಳ್ಳು ಹೇಳಲಿಲ್ಲ. ಬೀದಿಯವರಿಗೆಲ್ಲ ಕೇಳಿಸಿದ್ದು ಹಾಗೆಯೇ. ನಾನು ತಿನ್ನಲಿ ಅಂತ ಅಮ್ಮ ತಡೆದುಕೊಂಡ ಅಷ್ಟು ಹೊತ್ತು ಅವಳ ಜೀವನಪೂರ್ತಿ ಅವಳ ಮೇಲೆ ಸಾಕ್ಷಿ ಹೇಳಿತು. ಅಮ್ಮ ಒಂದು ಮಾತೂ ತಿರುಗಿ ಆಡಲಿಲ್ಲ.

ಆ ಬೆಳೆ ಚೆನ್ನಾಗಿ ಬಂತು. ಅಂಥ ಗಟ್ಟಿ ಗೂಡು ಶಿಡ್ಲಘಟ್ಟದವರೇ ನೋಡಿರಲಿಲ್ಲ ಅಂತ ದೊಡ್ಡಪ್ಪ ಬಹಳ ದಿನ ಹೇಳಿಕೊಂಡ. ಅಜ್ಜಿ ಹೊಸ ಬೀಗ ತರಿಸಿದಳು. ಅಮ್ಮ ಮತ್ತೆ ಮೊರ ಹಿಡಿದು ಹೊಸಲಿನ ಈಚೆ ನಿಂತಳು. ಉಗ್ರಾಣ ಮೊದಲಿನ ಹಾಗೇ ತುಂಬಿಸಿದಳು, ಹುರಿಟ್ಟು ಒಂದನ್ನು ಬಿಟ್ಟು. ಕೆಲವು ವರ್ಷಕ್ಕೆ ಅಜ್ಜಿಗೆ ಪಾರ್ಶ್ವವಾಯು ಬಡಿದು ಮಾತು ನಿಂತಿತು. ಅಮ್ಮ ಹೊತ್ತಿಗೆ ಸರಿಯಾಗಿ ಅವಳಿಗೆ ನುಣ್ಣಗೆ ಕಾಸಿದ ಅಂಬಲಿ ಕುಡಿಸಿದಳು, ಸಾಯುವ ದಿನದವರೆಗೂ. ಬೀಗದ ಕೈ ತನ್ನ ಸೊಂಟಕ್ಕೆ ಬಂದ ಮೇಲೆ ಬೀಗವನ್ನು ಚಿಲಕಕ್ಕೆ ತಗುಲಿಸಿದಳೇ ಹೊರತು ಹಾಕಲಿಲ್ಲ.

ಅಂಬಾಜಿದುರ್ಗದ ಬುಡದ ಹಳ್ಳಿಗೆ ನನ್ನನ್ನು ಕೊಟ್ಟರು. ಮೊದಲ ಬಾಣಂತನಕ್ಕೆ ಮೇಲೂರಿಗೆ ಬಂದೆ. ಅಮ್ಮ ನನಗಾಗಿ ತಿಂಗಳ ಮುಂಚಿನಿಂದ ಉಗ್ರಾಣ ಹೊಂದಿಸಿದ್ದಳು. ಹಳೇ ಅಕ್ಕಿ, ಒಣಶುಂಠಿ, ತುಪ್ಪ, ಕೊಬ್ಬರಿ, ಯಾವುದಕ್ಕೂ ಕೊರತೆಯಿಲ್ಲ. ಮಗುವಿಗೆ ಹೆಸರಿಡುವ ದಿನ ಬಂದ ಹೆಂಗಸರ ನಡುವೆ ಕದಿರಮ್ಮನೂ ಇದ್ದಳು, ಮುದುಕಿಯಾಗಿದ್ದಳು. ಮಗುವಿಗೆ ಸೋದರಮಾವ ಉಡಿದಾರ ಕಟ್ಟಬೇಕು ಅನ್ನುವ ಮಾತು ಬಂತು.

"ನಿಮ್ಮಮ್ಮ ಅವತ್ತು ಒಂದು ದಿನ ತಡ್ಕೊಂಡು ಬೀಗ ಒಡೀದೆ ಇದ್ದಿದ್ರೆ, ಇವತ್ತು ಕೇಶವಪ್ಪನೇ ಬಂದು ಕಟ್ತಿದ್ದ ಕಣಮ್ಮ" ಅಂದಳು ಕದಿರಮ್ಮ. ಕಣ್ಣಲ್ಲಿ ನೀರಿಟ್ಟುಕೊಂಡೇ ಅಂದಳು.

ನನಗೆ ರಕ್ತ ತಲೆಗೇರಿತು. ಹಾಸಿಗೆಯಿಂದ ಎದ್ದೇಬಿಟ್ಟೆ. "ಮೊದಲು ಅವನು ಹೋದದ್ದು ಕದಿರಮ್ಮ, ಬೀಗ ಆಮೇಲೆ—" ಅನ್ನುವಷ್ಟರಲ್ಲಿ ಅಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದು ಕೂರಿಸಿದಳು. ಅವರೆಲ್ಲ ಎಲೆಅಡಿಕೆ ತೆಗೆದುಕೊಂಡು ಹೋಗುವ ತನಕ ಆ ಕೈ ಬಿಡಲಿಲ್ಲ.

"ಯಾಕಮ್ಮ ಹೇಳಕ್ಕೆ ಬಿಡಲ್ಲ? ಇಷ್ಟು ವರ್ಷ ಆ ಮಾತು ಹೊತ್ಕೊಂಡು ತಿರುಗ್ತೀಯಲ್ಲ!"

ಅಮ್ಮ ನನ್ನ ಮಗನನ್ನು ತೊಡೆಯ ಮೇಲೆ ಹಾಕಿಕೊಂಡು, ಅವನ ನೆತ್ತಿಗೆ ಎಣ್ಣೆ ಒತ್ತಿದಳು.

"ಹೇಳ್ಕೊಳ್ಳಿ ಬಿಡೇ" ಅಂದಳು. "ಅವ್ನು ಬದುಕಿರುವಾಗಲೇ ನಾನು ಬೀಗ ಒಡೆದೆ ಅಂತಾರೆ. ಊರಲ್ಲಿ ಯಾರಾದ್ರೂ ಹಾಗಂದಾಗೆಲ್ಲ ನಾನು ಸುಮ್ನೆ ನಿಂತು ಕೇಳ್ತೀನಿ ಕಣೇ. ನಿಜವಾಗ್ಲೂ ಹಾಗೆ ಮಾಡಿದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು."